ಅರ್ಜಿ ಮತ್ತು ಜವಾಬು: ನಾರಾಯಣಪುರ ಸೀಮೆಯಲ್ಲಿ ಕಚೇರಿಯ ಭಾಷೆ

ದೇಶಚರಿತ್ರೆಯನ್ನು ಅರಸರ ವಂಶಾವಳಿಗಳಿಂದಲೂ ಯುದ್ಧಗಳಿಂದಲೂ ಬರೆಯುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಕ್ರಮವಾಗಿದೆ. ಆದರೆ ಸಾಮಾನ್ಯ ಪ್ರಜೆಗೆ ಆಡಳಿತವು ಪ್ರತ್ಯಕ್ಷವಾಗುವುದು ಅರಮನೆಯಲ್ಲಿ ಅಲ್ಲ, ರಣರಂಗದಲ್ಲಿಯೂ ಅಲ್ಲ, ಕಚೇರಿಯ ಹೊಸ್ತಿಲಿನಲ್ಲಿ. ಅಲ್ಲಿ ಅವನು ಒಂದು ಮಾತನ್ನು ಅರಿಕೆ ಮಾಡಿಕೊಳ್ಳುತ್ತಾನೆ, ಒಂದು ಮಾತನ್ನು ಪಡೆದು ಮರಳುತ್ತಾನೆ. ಈ ಎರಡು ಮಾತುಗಳೂ ಒಂದೇ ಭಾಷೆಯಲ್ಲಿದ್ದುವೆ? ಇಲ್ಲದಿದ್ದಲ್ಲಿ ಅವುಗಳ ನಡುವೆ ನಿಂತವರು ಯಾರು? ಅದಕ್ಕೆ ಬೆಲೆ ತೆತ್ತವರು ಯಾರು? ಸುರಪುರ ಪ್ರಾಂತದ ನಾರಾಯಣಪುರ ಸೀಮೆಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಗಳನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ನಾರಾಯಣಪುರವು ಕೃಷ್ಣಾ ನದಿಯ ಎಡದಂಡೆಯ ಊರು. ೨೦೦೯ರ ಕೊನೆಯಲ್ಲಿ ಗುಲಬರ್ಗಾ ಜಿಲ್ಲೆಯಿಂದ ಬೇರ್ಪಟ್ಟ ಯಾದಗಿರಿ ಜಿಲ್ಲೆಗೆ ಇದು ಸೇರಿದೆ. ನದಿಯ ಆಚೆಗೆ ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆ. ಪಶ್ಚಿಮಕ್ಕೆ ವಿಜಯಪುರ ಜಿಲ್ಲೆಯ ಮುದ್ದೇಬಿಹಾಳ ಸೀಮೆ. ಇವೆಲ್ಲವೂ ಅಚ್ಚ ಕನ್ನಡದ ನೆಲವೇ ಆದರೂ ಪೂರ್ವದ ಎರಡು ಭಾಗಗಳು ೧೯೪೮ರವರೆಗೆ ಹೈದರಾಬಾದು ನಿಜಾಮರ ಆಳ್ವಿಕೆಯಲ್ಲಿದ್ದುವು. ಪಶ್ಚಿಮದ ಭಾಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಒಂದೇ ಮಾತನ್ನಾಡುವ, ಒಂದೇ ಸಂತೆಗೆ ಹೋಗಬಹುದಾದಷ್ಟು ಹತ್ತಿರದ ಒಕ್ಕಲಿಗರು ಬೇರೆ ಬೇರೆ ಭಾಷೆಯ ಕಚೇರಿಗಳಿಗೆ ಹೋಗಬೇಕಾಗಿತ್ತೆಂಬುದೇ ಈ ಸೀಮೆಯ ವಿಶೇಷ. ಆದುದರಿಂದ ನಮ್ಮ ಪ್ರಶ್ನೆಗೆ ಇದು ಉತ್ತಮವಾದ ಪರೀಕ್ಷಾಸ್ಥಾನವೆಂದು ನಾವು ಭಾವಿಸುತ್ತೇವೆ.

೧. ಹಳೆಯ ಪದ್ಧತಿ

ಪ್ರಜೆಯ ಭಾಷೆ ಬೇರೆ, ಅಧಿಕಾರದ ಭಾಷೆ ಬೇರೆ ಎಂಬ ಸ್ಥಿತಿ ಹೊಸದೇನೂ ಅಲ್ಲ. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳನ್ನು ನೋಡಿದವರಿಗೆ ಇದು ವಿದಿತವೇ ಇದೆ. ದೇವತಾಸ್ತುತಿಯೂ ರಾಜಪ್ರಶಸ್ತಿಯೂ ಅನೇಕ ವೇಳೆ ಸಂಸ್ಕೃತದಲ್ಲಿಯೋ ಪ್ರೌಢವಾದ ಕಾವ್ಯಶೈಲಿಯಲ್ಲಿಯೋ ಇರುತ್ತವೆ. ಆದರೆ ಯಾವ ಹೊಲವನ್ನು ಕೊಟ್ಟರು, ಅದರ ಎಲ್ಲೆ ಯಾವ ಮರದಿಂದ ಯಾವ ಹಳ್ಳದವರೆಗೆ, ಯಾವ ಸುಂಕ ಯಾರಿಗೆ ಸಲ್ಲತಕ್ಕದ್ದು ಎಂಬ ಭಾಗ ಬಂದೊಡನೆ ಬರವಣಿಗೆ ಜನರ ಕನ್ನಡಕ್ಕೆ ಇಳಿಯುತ್ತದೆ. ಪ್ರಶಸ್ತಿ ಯಾರಿಗೆ ಅರ್ಥವಾಗದಿದ್ದರೂ ನಷ್ಟವಿಲ್ಲ. ಎಲ್ಲೆ ಅರ್ಥವಾಗದಿದ್ದರೆ ವ್ಯಾಜ್ಯ ತಪ್ಪದು. ಈ ವ್ಯಾವಹಾರಿಕ ವಿವೇಕವನ್ನು ಆ ಕಾಲದ ಶಾಸನಕಾರರು ಚೆನ್ನಾಗಿ ಅರಿತಿದ್ದರು.

ವಿಜಾಪುರದ ಆದಿಲಶಾಹಿಗಳ ಆಳ್ವಿಕೆಯಲ್ಲಿ ಪಾರಸಿ ಭಾಷೆ ಮೇಲಿನ ದಫ್ತರಗಳಲ್ಲಿ ನೆಲೆಸಿತು. ಆದರೂ ೧೬ನೆಯ ಶತಮಾನದಲ್ಲಿ ಒಂದನೆಯ ಇಬ್ರಾಹಿಂ ಆದಿಲಶಹನು ಲೆಕ್ಕಪತ್ರಗಳನ್ನು ಪಾರಸಿಯಿಂದ ಬಿಡಿಸಿ ಹಿಂದವೀ ಭಾಷೆಯಲ್ಲಿ ಇಡುವಂತೆ ಮಾಡಿದನೆಂದೂ ಅದಕ್ಕಾಗಿ ಬ್ರಾಹ್ಮಣ ಲೇಖಕರನ್ನು ನಿಯಮಿಸಿದನೆಂದೂ ಫೆರಿಸ್ತಾ ಹೇಳುತ್ತಾನೆ. ಮುಂದೆ ಪಾರಸಿಯೇ ಮರಳಿ ಬಂದರೂ ದೇಶಮುಖರೇ ಮೊದಲಾದ ಸ್ಥಳೀಯ ಅಧಿಕಾರಿಗಳಿಗೆ ಹೋಗುತ್ತಿದ್ದ ಫರ್ಮಾನುಗಳಲ್ಲಿ ಮೇಲೆ ಪಾರಸಿ, ಕೆಳಗೆ ಅದೇ ವಿಷಯ ಮರಾಠಿಯಲ್ಲಿ, ಹೀಗೆ ಎರಡು ಭಾಷೆಗಳಲ್ಲಿ ಬರೆದವು ದೊರೆತಿವೆ. ಕನ್ನಡ ರೈತನಿಗೆ ಮರಾಠಿಯೂ ಪರಭಾಷೆಯೇ ಸರಿ. ಆದಾಗ್ಯೂ ಅಪ್ಪಣೆ ಪಡೆಯುವವನು ಅದನ್ನು ಓದಬಲ್ಲವನಾಗಿರಬೇಕೆಂಬ ತತ್ವವನ್ನು ಆ ಕಚೇರಿ ಒಪ್ಪಿಕೊಂಡಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇಲ್ಲಿ ಇನ್ನೊಂದು ಮಾತನ್ನು ಹೇಳಬೇಕಾಗಿದೆ. ಈ ಸೀಮೆಯ ಜನಜೀವನದಲ್ಲಿ ಕನ್ನಡಕ್ಕೂ ದಖನಿ ಮಾತಿಗೂ ಹಗೆತನವಿರಲಿಲ್ಲ. ನಾರಾಯಣಪುರಕ್ಕೆ ಸಮೀಪದ ಕೊಡೇಕಲ್ಲಿನ ಬಸವಣ್ಣನವರ ಪರಂಪರೆಯನ್ನು ಹಿಂದುಗಳೂ ಮುಸಲ್ಮಾನರೂ ಸಮಾನವಾಗಿ ಗೌರವಿಸುತ್ತ ಬಂದಿದ್ದಾರೆ. ಸಂತೆಯಲ್ಲಿಯೂ ಉರುಸಿನಲ್ಲಿಯೂ ಜಾತ್ರೆಯಲ್ಲಿಯೂ ಎರಡು ಮಾತುಗಳೂ ಒಂದರೊಡನೊಂದು ಬೆರೆತೇ ನಡೆದುವು. ಭಾಷೆಯ ತೊಡಕು ಹುಟ್ಟಿದ್ದು ನೆರೆಹೊರೆಯಲ್ಲಿ ಅಲ್ಲ, ಕಚೇರಿಯಲ್ಲಿ.

೨. ಉರ್ದು ದಫ್ತರದ ಕಾಲ

ಸುರಪುರದ ಬೇಡ ನಾಯಕರ ಸಂಸ್ಥಾನವು ೧೯ನೆಯ ಶತಮಾನದ ನಡುವಿನವರೆಗೆ ಬಾಳಿತು. ೧೮೪೧ರಲ್ಲಿ ಕೃಷ್ಣಪ್ಪ ನಾಯಕನು ತೀರಿಕೊಂಡ ಬಳಿಕ ಬಾಲಕ ರಾಜನ ಪರವಾಗಿ ಮೆಡೋಸ್ ಟೇಲರ್ ಎಂಬ ಆಂಗ್ಲ ಅಧಿಕಾರಿಯು ೧೮೫೩ರವರೆಗೆ ಇಲ್ಲಿಯ ಆಡಳಿತವನ್ನು ನೋಡಿಕೊಂಡನು. ೧೮೫೮ರಲ್ಲಿ ರಾಜಾ ವೆಂಕಟಪ್ಪ ನಾಯಕನು ಆಂಗ್ಲರ ವಿರುದ್ಧ ಎದ್ದು, ಸೆರೆಸಿಕ್ಕಿ, ಅದೇ ವರ್ಷ ಮರಣಹೊಂದಿದನು. ೧೮೬೦ರ ಒಪ್ಪಂದದಂತೆ ಸುರಪುರವನ್ನು ನಿಜಾಮರಿಗೆ ಒಪ್ಪಿಸಲಾಯಿತು. ಈ ವೃತ್ತಾಂತ ಎಲ್ಲರಿಗೂ ಗೊತ್ತಿರುವುದೇ. ಸಂಸ್ಥಾನ ಹೋದುದರಿಂದ ಪ್ರಜೆಯ ಕಚೇರಿಯೂ ಬದಲಾಯಿತೆಂಬುದು ಮಾತ್ರ ಅಷ್ಟಾಗಿ ಗಮನಕ್ಕೆ ಬಂದಿಲ್ಲ.

ಆಗ ಹೈದರಾಬಾದಿನ ರಾಜಭಾಷೆ ಪಾರಸಿಯಾಗಿತ್ತು. ಬ್ರಿಟಿಷರ ಆಳ್ವಿಕೆಗೆ ಸೇರಿದ ಪ್ರಾಂತಗಳಲ್ಲಿ ೧೮೩೭ರ ಕಾಯಿದೆಯಿಂದ ಪಾರಸಿಯನ್ನು ಕೈಬಿಡಲು ಮಾರ್ಗವಾಗಿದ್ದರೂ ಹೈದರಾಬಾದಿನಲ್ಲಿ ಅದು ಇನ್ನೂ ಅರ್ಧ ಶತಮಾನ ಉಳಿಯಿತು. ಒಂದನೆಯ ಸಾಲಾರಜಂಗನು ೧೮೮೩ರಲ್ಲಿ ತೀರಿಕೊಂಡ ನಂತರ, ೧೮೮೪ರಲ್ಲಿ, ಪಾರಸಿಯ ಸ್ಥಾನಕ್ಕೆ ಉರ್ದು ಬಂದಿತು. ಇದನ್ನು ಪ್ರಜೆಗಳ ಕಡೆಗೆ ಇಟ್ಟ ಹೆಜ್ಜೆಯೆಂದು ರಾಜಧಾನಿಯಲ್ಲಿ ಭಾವಿಸಿದ್ದರೆ ಆಶ್ಚರ್ಯವಿಲ್ಲ. ನಗರದ ಬೀದಿಯಲ್ಲಿ ಉರ್ದು ನಡೆಯುವ ಮಾತೇ ಆಗಿತ್ತು. ಆದರೆ ರಾಜ್ಯದ ಜನರಲ್ಲಿ ಅರ್ಧದಷ್ಟು ಮಂದಿ ತೆಲುಗರು, ಕಾಲುಭಾಗದಷ್ಟು ಮರಾಠಿಗರು, ಹತ್ತರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು ಕನ್ನಡಿಗರು. ಸುರಪುರದ ಒಕ್ಕಲಿಗನಿಗೆ ಒಂದು ತಿಳಿಯದ ಭಾಷೆ ಹೋಗಿ ಇನ್ನೊಂದು ಬಂದಂತಾಯಿತು.

ಈ ವ್ಯವಸ್ಥೆ ನಡೆಯುತ್ತಿದ್ದ ಬಗೆಯನ್ನು ತುಸು ವಿವರವಾಗಿ ನೋಡುವುದು ಅವಶ್ಯ. ಊರಿನಲ್ಲಿ ಪಟೇಲನೂ ಪಟವಾರಿಯೂ ಇದ್ದರು. ಊರ ಲೆಕ್ಕ ಬಹುಮಟ್ಟಿಗೆ ಸ್ಥಳೀಯ ಭಾಷೆಯಲ್ಲಿ ಇರುತ್ತಿತ್ತು. ಅದು ಗಿರ್ದಾವರನ ಕೈದಾಟಿ ತಹಶೀಲಿಗೆ, ಅಲ್ಲಿಂದ ಜಿಲ್ಲೆಯ ಮುಖ್ಯಾಧಿಕಾರಿಯಾದ ತಾಲೂಕದಾರನ ಕಡೆಗೆ ಏರಿದಂತೆ ಉರ್ದುವಾಗುತ್ತಿತ್ತು. ಮೇಲಿನ ತೀರ್ಮಾನ ಉರ್ದುವಿನಲ್ಲಿಯೇ ಇಳಿದುಬರುತ್ತಿತ್ತು. ಅದೂ ಅಚ್ಚಿನ ಅಕ್ಷರದ ಉರ್ದುವಲ್ಲ. ಕಚೇರಿಯ ಗುಮಾಸ್ತರು ವೇಗಕ್ಕಾಗಿ ಬರೆಯುತ್ತಿದ್ದ ಶಿಕಸ್ತ ಎಂಬ ಮುರಿದ ಅಕ್ಷರದ ಬರವಣಿಗೆ. ಮನೆಯಲ್ಲಿ ದಖನಿ ಆಡುತ್ತಿದ್ದ ಮುಸಲ್ಮಾನ ರೈತನಿಗೂ ಈ ಕಾಗದ ಮುಚ್ಚಿದ ಬಾಗಿಲೇ ಆಗಿತ್ತು. ಕಾಲಗಣನೆಯೂ ಬೇರೆ. ಅಕ್ಟೋಬರಿನಲ್ಲಿ ಆಜುರ್ ತಿಂಗಳಿನಿಂದ ಮೊದಲಾಗುವ ಫಸಲಿ ವರ್ಷ, ಕ್ರಿಸ್ತಶಕಕ್ಕಿಂತ ೫೯೦ರಷ್ಟು ಹಿಂದಿನದು. ಯುಗಾದಿಯಿಂದ ವರ್ಷವನ್ನೆಣಿಸುವ ಒಕ್ಕಲಿಗನಿಗೆ ತನ್ನ ವಾಯಿದೆ ಯಾವ ದಿನಕ್ಕೆ ಮುಗಿಯುತ್ತದೆಂದು ತಿಳಿಯಲೂ ಇನ್ನೊಬ್ಬನನ್ನು ಕೇಳಬೇಕಾಗಿತ್ತು.

ಹೀಗಾಗಿ ಕಚೇರಿಯ ಅಂಗಳದಲ್ಲಿ ಅರ್ಜಿನವೀಸನೆಂಬ ವೃತ್ತಿಯವನು ಅನಿವಾರ್ಯನಾದನು. ರೈತನು ಕನ್ನಡದಲ್ಲಿ ಹೇಳಿದುದನ್ನು ಅವನು ಉರ್ದುವಿನಲ್ಲಿ ಬರೆದುಕೊಡುತ್ತಿದ್ದನು. ಬರೆದುದರಲ್ಲಿ ಏನಿದೆಯೆಂದು ನೋಡಿಕೊಳ್ಳುವ ಶಕ್ತಿ ರೈತನಿಗೆ ಇರಲಿಲ್ಲ. ಅವರೆಲ್ಲ ಮೋಸಗಾರರೆಂದು ಹೇಳುವುದು ನ್ಯಾಯವಲ್ಲ. ಪ್ರಾಮಾಣಿಕನಾದ ಅರ್ಜಿನವೀಸನಾದರೂ ಹೇಳಿದವನ ಮಾತನ್ನು ಕಚೇರಿಗೆ ಒಪ್ಪುವ ಅಚ್ಚಿಗೆ ಹೊಯ್ಯುತ್ತಿದ್ದನು. ಬೆಳೆ ಹೋದ ಸಂಕಟ ಒಂದು ವಾಡಿಕೆಯ ವಾಕ್ಯವಾಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಅರ್ಜಿ ಕೊಟ್ಟು ಮುಗಿದ ಬಳಿಕವೇ ನಿಜವಾದ ಕಷ್ಟ ಪ್ರಾರಂಭವಾಗುತ್ತಿತ್ತು. ಜವಾಬು ಬಂದಾಗ ಅದನ್ನು ಓದಿಸಲು ಮತ್ತೊಮ್ಮೆ ಹೋಗಬೇಕು. ಅದು ಮಂಜೂರಿಯೋ ನಾಮಂಜೂರಿಯೋ, ನಾಮಂಜೂರಿಯಾದರೆ ಕಾರಣವೇನು, ಮುಂದೆ ಯಾರಿಗೆ ಹೇಳಿಕೊಳ್ಳತಕ್ಕದ್ದು, ಇವೆಲ್ಲವನ್ನೂ ಮತ್ತೊಬ್ಬನ ಬಾಯಿಂದಲೇ ತಿಳಿಯಬೇಕು.

ಈ ದೀರ್ಘ ಸಹವಾಸದ ಗುರುತು ನಮ್ಮ ಭಾಷೆಯಲ್ಲಿಯೇ ಉಳಿದಿದೆ. ಅರ್ಜಿ, ಜವಾಬು, ದಾವೆ, ವಕೀಲ, ಜಾಮೀನು, ಜಪ್ತಿ, ವಸೂಲಿ, ಬಾಕಿ, ತಕರಾರು, ನಕಲು, ಮಂಜೂರು, ರಸೀದಿ: ಇವು ಪಾರಸಿ ಅರಬ್ಬಿಗಳ ಮೂಲದಿಂದ ಬಂದು ಇಂದು ಅಚ್ಚಗನ್ನಡದ ಮಾತುಗಳಂತೆ ಸಲ್ಲುತ್ತಿವೆ. ಹೀಗೆ ಬಂದವುಗಳಲ್ಲಿ ಹೆಚ್ಚಿನವು ನಾಮಪದಗಳು ಎಂಬುದು ವಿಚಾರಯೋಗ್ಯವಾಗಿದೆ. ಕಚೇರಿಯ ವಸ್ತುಗಳ ಹೆಸರುಗಳನ್ನು ಜನ ಕಲಿತರು; ಆ ವಸ್ತುಗಳ ಬಗ್ಗೆ ನಿರ್ಣಯ ಮಾಡುವ ವಾಕ್ಯವು ಮಾತ್ರ ಅವರದಾಗಲಿಲ್ಲ.

೩. ಗಡಿಯ ಆಚೆ

ಪಶ್ಚಿಮದ ಮುಂಬಯಿ ಪ್ರಾಂತದಲ್ಲಿಯೂ ಕನ್ನಡಕ್ಕೆ ಸ್ಥಾನ ತಾನಾಗಿ ಬರಲಿಲ್ಲ. ಪೇಶ್ವೆಯವರ ಆಳ್ವಿಕೆಯ ಪರಿಣಾಮವಾಗಿ ಧಾರವಾಡ, ವಿಜಾಪುರಗಳ ಕಡೆ ಶಾಲೆ ಕಚೇರಿಗಳಲ್ಲಿ ಮರಾಠಿಯೇ ನೆಲೆಯೂರಿತ್ತು. ಆದರೆ ೧೯ನೆಯ ಶತಮಾನದಲ್ಲಿ, ಡೆಪ್ಯುಟಿ ಚೆನ್ನಬಸಪ್ಪನವರಂತಹ ವಿದ್ಯಾಧಿಕಾರಿಗಳ ದುಡಿಮೆಯಿಂದ, ಅಲ್ಲಿ ಕನ್ನಡ ಶಾಲೆಗಳು ಹಬ್ಬಿದುವು. ಕನ್ನಡ ಓದಿದ ಕಾರಕೂನರು ದೊರೆಯತೊಡಗಿದರು. ಶಾಲೆಯ ಭಾಷೆ ಬದಲಾದುದರಿಂದ ಕಚೇರಿಯ ಭಾಷೆಗೆ ಬದಲಾಗುವ ಶಕ್ತಿ ಬಂದಿತು.

ಹೈದರಾಬಾದಿನಲ್ಲಿ ಇದಕ್ಕೆ ವಿಪರೀತವಾದ ಕ್ರಮ ನಡೆಯಿತು. ಅಲ್ಲಿ ಕಚೇರಿಯ ಭಾಷೆಯೇ ಶಾಲೆಯ ಭಾಷೆಯನ್ನು ನಿರ್ಣಯಿಸಿತು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ದೇಶಭಾಷೆಯೊಂದರಲ್ಲಿ ಉಚ್ಚಶಿಕ್ಷಣ ಸಾಧ್ಯವೆಂದು ತೋರಿಸಿಕೊಟ್ಟಿತು. ಇದು ಸಾಮಾನ್ಯ ಸಾಧನೆಯಲ್ಲ. ಅದರ ಭಾಷಾಂತರ ವಿಭಾಗದ ಕಾರ್ಯ ಇಂದಿಗೂ ಮೆಚ್ಚತಕ್ಕದ್ದು. ಆದರೆ ಆ ದೇಶಭಾಷೆ ಬಹುಜನರ ಮನೆಮಾತಾಗಿರಲಿಲ್ಲ. ಕನ್ನಡದ ಮಕ್ಕಳಿಗಾಗಿ ಜನರೇ ಮುಂದೆ ಬರಬೇಕಾಯಿತು. ಗುಲಬರ್ಗದ ನೂತನ ವಿದ್ಯಾಲಯ (೧೯೦೭), ಪಂಡಿತ ತಾರಾನಾಥರು ರಾಯಚೂರಿನಲ್ಲಿ ಕಟ್ಟಿದ ಹಮ್ದರ್ದ್ ಶಾಲೆ (೧೯೨೨) ಈ ಬಗೆಯ ಪ್ರಯತ್ನಗಳು. ಕನ್ನಡ ಸಾಹಿತ್ಯ ಸಮ್ಮೇಳನವು ೧೯೨೮ರಲ್ಲಿ ಬಿ. ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಗುಲಬರ್ಗದಲ್ಲಿಯೂ, ೧೯೩೪ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿಯೂ ಸೇರಿದುದು ಈ ಭಾಗದವರಿಗೆ ದೊಡ್ಡ ಧೈರ್ಯವನ್ನು ಕೊಟ್ಟಿತು.

ಇದು ಕನ್ನಡಿಗರೊಬ್ಬರದೇ ಸಂಕಟವಾಗಿರಲಿಲ್ಲ. ೧೯೨೧ರಲ್ಲಿ ಹೈದರಾಬಾದಿನಲ್ಲಿ ಮಹರ್ಷಿ ಕರ್ವೆಯವರ ಅಧ್ಯಕ್ಷತೆಯಲ್ಲಿ ನಡೆದ ಸಮಾಜ ಸುಧಾರಣಾ ಪರಿಷತ್ತಿನಲ್ಲಿ ಒಬ್ಬರು ತೆಲುಗಿನಲ್ಲಿ ಮಾತನಾಡತೊಡಗಿದಾಗ ಸಭಿಕರು ಗದ್ದಲಮಾಡಿ ಅವರನ್ನು ನಿಲ್ಲಿಸಿದರು. ರಾಜ್ಯದ ಬಹುಸಂಖ್ಯಾತರ ಭಾಷೆಗೇ ಇಂತಹ ಗತಿ ಬಂದುದನ್ನು ಕಂಡು ಆಂಧ್ರ ಜನಸಂಘವು ಹುಟ್ಟಿಕೊಂಡಿತು. ಅಲ್ಲಿ ಅಡ್ಡಿಮಾಡಿದವರು ಸರಕಾರದವರಲ್ಲ, ಸುಧಾರಕರ ಸಭೆಯಲ್ಲಿ ಕುಳಿತಿದ್ದ ಸುಶಿಕ್ಷಿತರು ಎಂಬುದನ್ನು ಮರೆಯಲಾಗದು. ಭಾಷೆಯ ತಿರಸ್ಕಾರ ಕಾಯಿದೆಯಿಂದಲೇ ಬರಬೇಕೆಂದಿಲ್ಲ, ರೂಢಿಯಿಂದಲೂ ಬರುತ್ತದೆ.

೪. ಅರ್ಜಿಯ ಹಕ್ಕು

೧೯೪೮ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದಲ್ಲಿ ವಿಲೀನವಾಯಿತು. ಉರ್ದುವಿನ ಸ್ಥಾನವನ್ನು ಕನ್ನಡ ಒಮ್ಮೆಲೇ ಪಡೆಯಲಿಲ್ಲ. ಉಸ್ಮಾನಿಯಾದ ಬೋಧನಭಾಷೆ ಇಂಗ್ಲಿಷಾಯಿತು. ೧೯೫೬ರ ನವೆಂಬರ್ ೧ರಂದು ಗುಲಬರ್ಗಾ, ರಾಯಚೂರು, ಬೀದರ ಸೀಮೆಗಳು ಮೈಸೂರು ರಾಜ್ಯಕ್ಕೆ ಸೇರಿದುವು. ೧೯೬೩ರ ರಾಜಭಾಷಾ ಕಾಯಿದೆಯಿಂದ ಕನ್ನಡ ರಾಜ್ಯದ ಆಡಳಿತಭಾಷೆಯೆಂದು ಘೋಷಿತವಾಯಿತು. ಘೋಷಣೆಗೂ ಆಚರಣೆಗೂ ನಡುವೆ ಇದ್ದ ಅಂತರವು ಎಲ್ಲರ ಅನುಭವಕ್ಕೆ ಬಂದಿರುವಂಥದು.

ನಮ್ಮ ವಿಷಯಕ್ಕೆ ಹೆಚ್ಚು ಸಂಬಂಧಿಸಿದುದು ಸಂವಿಧಾನದ ೩೫೦ನೆಯ ಅನುಚ್ಛೇದ. ಯಾವನೇ ವ್ಯಕ್ತಿ ತನ್ನ ಕುಂದುಕೊರತೆಯ ನಿವಾರಣೆಗಾಗಿ ಕೇಂದ್ರದ ಅಥವಾ ರಾಜ್ಯದ ಅಧಿಕಾರಿಗೆ, ಕೇಂದ್ರದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯಾದರೂ ಮನವಿ ಸಲ್ಲಿಸಬಹುದೆಂದು ಅದು ಹೇಳುತ್ತದೆ. ಅರ್ಜಿನವೀಸನ ಕಾಲಕ್ಕೆ ಹೋಲಿಸಿದರೆ ಇದು ಬಹುದೊಡ್ಡ ಹಕ್ಕು. ಆದರೆ ಜವಾಬು ಯಾವ ಭಾಷೆಯಲ್ಲಿ ಬರತಕ್ಕದ್ದೆಂಬ ವಿಷಯದಲ್ಲಿ ಆ ಅನುಚ್ಛೇದ ಏನನ್ನೂ ಹೇಳುವುದಿಲ್ಲ. ಇಂಗ್ಲೆಂಡಿನಲ್ಲಿ ೧೩೬೨ರ ಕಾಯಿದೆಯೊಂದು ಜನರಿಗೆ ಫ್ರೆಂಚ್ ತಿಳಿಯದೆಂಬ ಕಾರಣದಿಂದ ನ್ಯಾಯಾಲಯದ ವಾದವನ್ನು ಇಂಗ್ಲಿಷಿನಲ್ಲಿ ನಡೆಸಲು ವಿಧಿಸಿ, ದಾಖಲೆಯನ್ನು ಮಾತ್ರ ಲ್ಯಾಟಿನಿನಲ್ಲಿ ಬರೆಯಬೇಕೆಂದಿತು. ಆ ದಾಖಲೆ ಇಂಗ್ಲಿಷಾಗಲು ೧೮ನೆಯ ಶತಮಾನದವರೆಗೆ ಕಾಯಬೇಕಾಯಿತು. ಕೇಳುವ ಬಾಯನ್ನು ಬಿಡಿಸುವುದು ಸುಲಭ, ಉತ್ತರ ಬರೆಯುವ ಕೈಯನ್ನು ತಿರುಗಿಸುವುದು ಕಷ್ಟ ಎಂಬುದಕ್ಕೆ ಇದೊಂದು ಹಳೆಯ ಸಾಕ್ಷಿ.

೫. ಅಣೆಕಟ್ಟು ಮತ್ತು ಕಾಗದ

ನಾರಾಯಣಪುರದ ಹೆಸರು ನಾಡಿಗೆಲ್ಲ ತಿಳಿದದ್ದು ಕೃಷ್ಣಾ ಮೇಲ್ದಂಡೆ ಯೋಜನೆಯಿಂದ. ೧೯೬೪ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರು ಈ ಯೋಜನೆಗೆ ಆಲಮಟ್ಟಿಯಲ್ಲಿ ಅಡಿಗಲ್ಲಿಟ್ಟರು. ಬಸವಸಾಗರವೆಂದು ಕರೆಯಲ್ಪಡುವ ನಾರಾಯಣಪುರದ ಅಣೆಕಟ್ಟು ೧೯೮೨ರಲ್ಲಿ ಮುಗಿಯಿತು. ೧೦ ಕಿಲೋಮೀಟರಿಗೂ ಹೆಚ್ಚು ಉದ್ದ, ೨೯ ಮೀಟರ್ ಎತ್ತರ, ೩೦ ಬಾಗಿಲುಗಳುಳ್ಳ ಈ ಕಟ್ಟಡದಿಂದ ಹೊರಟ ಎಡದಂಡೆ ಕಾಲುವೆ ಸುರಪುರ, ಶಹಾಪುರಗಳ ಬರಡು ನೆಲಕ್ಕೆ ನೀರು ತಂದಿತು. ಹಿನ್ನೀರಿನಲ್ಲಿಯೂ ಕಾಲುವೆಯ ದಾರಿಯಲ್ಲಿಯೂ ಅನೇಕರ ನೆಲ ಹೋಯಿತು.

ನೆಲ ಹೋಗುವುದು ಕಾಗದದ ಮೂಲಕ. ೧೮೯೪ರ ಭೂಸ್ವಾಧೀನ ಕಾಯಿದೆಯಂತೆ ಮೊದಲು ಪ್ರಕಟನೆ, ಅನಂತರ ಘೋಷಣೆ, ಆಮೇಲೆ ಹಕ್ಕುದಾರರಿಗೆ ನೋಟೀಸು, ಕೊನೆಗೆ ಪರಿಹಾರದ ನಿರ್ಣಯ. ಪರಿಹಾರ ಸಾಲದೆನಿಸಿದವನು ಅದನ್ನು ನ್ಯಾಯಾಲಯಕ್ಕೆ ಒಪ್ಪಿಸುವಂತೆ ಕೇಳಿಕೊಳ್ಳಲು, ನಮ್ಮ ರಾಜ್ಯದ ತಿದ್ದುಪಡಿಯಂತೆ, ನೋಟೀಸು ಮುಟ್ಟಿದಂದಿನಿಂದ ೯೦ ದಿನಗಳ ಅವಧಿ ಇತ್ತು. ಆ ಕಾಗದದ ತಾತ್ಪರ್ಯ ತಿಳಿದವನಿಗೆ ೯೦ ದಿನ ಸಾಕಾಗಬಹುದು. ತಿಳಿಯದವನಿಗೆ ಅದು ಗೂಟದಲ್ಲಿ ತೂಗುಹಾಕಿಟ್ಟ ಒಂದು ಹಾಳೆ. ಪ್ರಕಟನೆಯನ್ನು ಎರಡು ದಿನಪತ್ರಿಕೆಗಳಲ್ಲಿ, ಅವುಗಳಲ್ಲಿ ಒಂದಾದರೂ ಪ್ರಾದೇಶಿಕ ಭಾಷೆಯದಾಗಿರುವಂತೆ, ಹಾಕಬೇಕೆಂಬ ವಿಧಿ ಈ ಕಾಯಿದೆಗೆ ಸೇರಿದ್ದು ೧೯೮೪ರಲ್ಲಿ. ಅಂದರೆ ನಾರಾಯಣಪುರದ ಕಟ್ಟೆ ಮುಗಿದ ಎರಡು ವರ್ಷಗಳ ತರುವಾಯ.

ಎರಡು ಆಡಳಿತಗಳ ಪರಂಪರೆ ಇಲ್ಲಿ ಮತ್ತೊಮ್ಮೆ ಎದುರು ಬದುರಾಯಿತು. ಹಳೆಯ ಮುಂಬಯಿ ಸೀಮೆಯ ರೈತನ ಹಿಂದಿನ ದಾಖಲೆಯನ್ನು ಊರ ಶಾಲೆಯಲ್ಲಿ ಕಲಿತ ಮಗನೂ ಓದಬಹುದಾಗಿತ್ತು. ಹಳೆಯ ಹೈದರಾಬಾದಿನ ರೈತನಿಗೆ ತನ್ನ ಅಜ್ಜನ ಕಾಲದ ಹಕ್ಕನ್ನು ಸ್ಥಾಪಿಸಬೇಕಾದರೆ ಉರ್ದು ದಾಖಲೆಯ ಆಧಾರ ಬೇಕು. ಆಗ ಶಿಕಸ್ತವನ್ನು ಓದಬಲ್ಲವರ ಸಂಖ್ಯೆ ವರ್ಷ ವರ್ಷಕ್ಕೆ ಇಳಿಯುತ್ತಿತ್ತು. ಆಡಳಿತ ಬದಲಾಗಿ ದಶಕಗಳಾದರೂ ಅರ್ಜಿನವೀಸನ ನೆರಳು ಕಾಗದದ ಮೇಲೆ ಉಳಿದೇ ಇತ್ತು. ಭಾಷೆಯ ತೊಡಕು ಒಂದು ತಲೆಮಾರಿನಲ್ಲಿ ಮುಗಿಯುವುದಲ್ಲ. ಅದು ದಾಖಲೆಯೊಡನೆ ಮಕ್ಕಳಿಗೆ, ಮೊಮ್ಮಕ್ಕಳಿಗೆ ಇಳಿದು ಬರುತ್ತದೆ.

೬. ಜವಾಬಿನ ಹಕ್ಕು

ಈಚಿನ ಕಾಲದಲ್ಲಿ ಆದ ಎರಡು ಸುಧಾರಣೆಗಳನ್ನು ಇಲ್ಲಿ ಸಂತೋಷದಿಂದ ಹೇಳಬೇಕು. ೨೦೦೦ದ ಸುಮಾರಿಗೆ ನಡೆದ ಭೂಮಿ ಯೋಜನೆಯಿಂದ ರಾಜ್ಯದ ಪಹಣಿಗಳು ಗಣಕಕ್ಕೆ ಏರಿದುವು. ತಾಲೂಕು ಕೇಂದ್ರದಲ್ಲಿ ರೈತನು ಮೊದಮೊದಲು ೧೫ ರೂಪಾಯಿ ಕೊಟ್ಟು ತನ್ನ ಪಹಣಿಯನ್ನು ಅಚ್ಚಾದ ಕನ್ನಡದಲ್ಲಿ ಪಡೆಯುವಂತಾಯಿತು. ೨೦೧೨ರಲ್ಲಿ ಜಾರಿಗೆ ಬಂದ ಸಕಾಲ ವ್ಯವಸ್ಥೆ ಉತ್ತರಕ್ಕೆ ಕಾಲಮಿತಿಯನ್ನು ಹಾಕಿತು. ತಡವಾದರೆ ದಿನಕ್ಕೆ ೨೦ ರೂಪಾಯಿಯಂತೆ, ೫೦೦ ರೂಪಾಯಿ ಮೀರದಂತೆ, ಪರಿಹಾರವನ್ನೂ ವಿಧಿಸಿತು. ಅರ್ಜಿಯಲ್ಲದೆ ಜವಾಬೂ ಪ್ರಜೆಯ ಹಕ್ಕೆಂಬ ತತ್ವ ಇವುಗಳಲ್ಲಿ ಮೊದಲಬಾರಿಗೆ ಸ್ಪಷ್ಟವಾಗಿ ಕಾಣಬರುತ್ತದೆ.

ಆದರೆ ಇಂದಿನ ಹೊಸ್ತಿಲು ಸರಕಾರಿ ಕಚೇರಿಯೊಂದೇ ಅಲ್ಲ. ಬ್ಯಾಂಕು, ವಿಮೆ, ದೂರವಾಣಿ ಇವುಗಳ ಮುಂದೆ ರೈತನು ಗ್ರಾಹಕನಾಗಿ ನಿಲ್ಲುತ್ತಾನೆ. ಖಾತೆ ತೆರೆಯುವ ನಮೂನೆ, ಹಣ ಕಟ್ಟುವ ಚೀಟಿ, ಪಾಸುಬುಕ್ಕು ಮುಂತಾದವು ಇಂಗ್ಲಿಷ್, ಹಿಂದಿ, ಪ್ರಾದೇಶಿಕ ಭಾಷೆ ಈ ಮೂರರಲ್ಲಿಯೂ ಇರಬೇಕೆಂದು ರಿಸರ್ವ್ ಬ್ಯಾಂಕು ಸೂಚಿಸಿದೆ. ಗ್ರಾಮೀಣ ಬ್ಯಾಂಕುಗಳ ನೇಮಕದ ಪರೀಕ್ಷೆಯನ್ನು ಕನ್ನಡವೂ ಸೇರಿದಂತೆ ೧೩ ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವುದಾಗಿ ಕೇಂದ್ರ ಸರಕಾರ ಪ್ರಕಟಿಸಿದ್ದು ೨೦೧೯ರಲ್ಲಿ. ಅದಾಗಿಯೂ ೨೦೨೫ರ ಮೇ ತಿಂಗಳಿನಲ್ಲಿ ಬೆಂಗಳೂರಿನ ಸಮೀಪದ ಚಂದಾಪುರದ ಬ್ಯಾಂಕ್ ಶಾಖೆಯೊಂದರಲ್ಲಿ ಕನ್ನಡದಲ್ಲಿ ಮಾತನಾಡಲು ಅಧಿಕಾರಿಯೊಬ್ಬರು ನಿರಾಕರಿಸಿದ ಪ್ರಸಂಗ ರಾಜ್ಯದಲ್ಲೆಲ್ಲ ಚರ್ಚೆಗೆ ಬಂದಿತು. ರಾಜಧಾನಿಯ ನೆರೆಯಲ್ಲಿಯೇ ಹೀಗಾದರೆ ಹಳ್ಳಿಗಳ ಸ್ಥಿತಿಯನ್ನು ಊಹಿಸಿಕೊಳ್ಳಬಹುದು. ನಮೂನೆ ಮೂರು ಭಾಷೆಗಳಲ್ಲಿ ಅಚ್ಚಾಗಿರುತ್ತದೆ; ಸಾಲ ಏಕೆ ಸಿಗಲಿಲ್ಲ, ಹಣವನ್ನು ಏಕೆ ಮುರಿದುಕೊಂಡರು ಎಂಬ ಉತ್ತರಕ್ಕೆ ಮಾತ್ರ ಮತ್ತೊಬ್ಬರನ್ನು ಹುಡುಕಬೇಕಾಗುತ್ತದೆ.

ಇಂತಹ ಸಂದರ್ಭಗಳಲ್ಲಿ ದೂರದೂರಿನಿಂದ ವರ್ಗವಾಗಿ ಬಂದ ನೌಕರನ ಮೇಲೆಯೇ ಎಲ್ಲ ಕೋಪವನ್ನು ಹರಿಸುವುದು ಸರಿಯಲ್ಲ. ಉರ್ದು ಕಾಲದ ಗುಮಾಸ್ತನಂತೆ ಅವನೂ ತನಗೆ ಕಲಿಸಿದ ಭಾಷೆಯಲ್ಲಿ ಕೆಲಸಮಾಡುವವನು. ತಿಳಿಯುವಂತೆ ಉತ್ತರಕೊಡುವ ಹೊಣೆ ಸಂಸ್ಥೆಯದು. ಅವನಿಗೆ ಭಾಷೆಯನ್ನು ಕಲಿಸಬೇಕಾದುದೂ, ಕಲಿಯುವವರೆಗೆ ಬಲ್ಲವರನ್ನು ಕೂರಿಸಬೇಕಾದುದೂ ಅದರ ಕರ್ತವ್ಯ.

ಈ ನ್ಯಾಯವನ್ನು ನಾವು ನಮಗೂ ಅನ್ವಯಿಸಿಕೊಳ್ಳಬೇಕಾಗಿದೆ. ಸುರಪುರ ಸೀಮೆಯ ತಾಂಡಾಗಳಲ್ಲಿ ಲಂಬಾಣಿ ಮಾತನಾಡುವ ಜನ ಬಹಳವಿದ್ದಾರೆ. ಉರ್ದು ಮನೆಮಾತಿನವರೂ ಇದ್ದಾರೆ. ತಾಂಡಾದ ಮುದುಕಿಯೊಬ್ಬಳು ಪಿಂಚಣಿಯ ವಿಷಯ ಕೇಳಲು ಕನ್ನಡ ಕಚೇರಿಗೆ ಬಂದಾಗ ಅವಳ ಸ್ಥಿತಿ ಒಂದು ನೂರು ವರ್ಷಗಳ ಹಿಂದಿನ ಕನ್ನಡ ರೈತನ ಸ್ಥಿತಿಗಿಂತ ಭಿನ್ನವಾಗಿರಬೇಕು. ಹಾಗಿಲ್ಲದಿದ್ದರೆ ನಮ್ಮ ಭಾಷೆಗೆ ನಾವು ಕೇಳಿದುದು ನ್ಯಾಯವನ್ನಲ್ಲ, ಅಧಿಕಾರವನ್ನು ಮಾತ್ರ ಎಂದಾಗುತ್ತದೆ.

ಚಾಲುಕ್ಯರ ಕಾಲದ ಶಾಸನಕಾರನು ಎಲ್ಲೆಗಳನ್ನು ಜನರ ಮಾತಿನಲ್ಲಿ ಕೆತ್ತಿದನು. ಆದಿಲಶಾಹಿಯ ಲೇಖಕನು ಪಾರಸಿಯ ಕೆಳಗೆ ಮತ್ತೊಂದು ಭಾಷೆಯನ್ನು ಬರೆದನು. ಅರಸೊತ್ತಿಗೆಯ ಕಾಲಕ್ಕೆ ಸಾಧ್ಯವಾದುದು ಪ್ರಜಾಪ್ರಭುತ್ವದಲ್ಲಿ ಅಸಾಧ್ಯವೆನ್ನಲು ಕಾರಣವಿಲ್ಲ. ಅರಬ್ಬಿಯ ಜವಾಬು ಎಂಬ ಮಾತಿಗೆ ಪಾರಸಿಯ ಪ್ರತ್ಯಯ ಸೇರಿ ನಮ್ಮಲ್ಲಿ ಜವಾಬುದಾರಿ ಎಂಬ ಶಬ್ದವಾಗಿದೆ. ಉತ್ತರ ಕೊಡಬೇಕಾದವನ ಹೊಣೆಯೆಂದೇ ಅದರ ಮೂಲಾರ್ಥ. ಕಚೇರಿಗಳ ಮುಂದೆ ಬಹುಕಾಲ ಕಾದುನಿಂತ ಜನ ಈ ಶಬ್ದವನ್ನು ತಮ್ಮದಾಗಿ ಮಾಡಿಕೊಂಡಿದ್ದಾರೆ. ಅದರ ಅರ್ಥವನ್ನು ನಡೆಸಿಕೊಡುವುದು ಕಚೇರಿಗಳಿಗೆ ಬಿಟ್ಟದ್ದು.